ಜಾನಬಿಯ ಮಾಳಿಗೆ ಮೇಲಿನ ಆಂಟೆನಾ

ಇಂಗಳವಾಡಿಯ ಟವರು ಕಿವುಡಾಗಿ ಒಂದು ತಿಂಗಳಾಗಿತ್ತು. ಮೂಕವಾಗಿರಲಿಲ್ಲ, ಕಿವುಡಷ್ಟೇ. ಬೀದಿಯಲ್ಲಿ ನಿಂತರೆ ಫೋನಿನಲ್ಲಿ ಸಿಗ್ನಲ್ ಗೆರೆಗಳೆಲ್ಲ ತುಂಬಿಕೊಂಡಿರುತ್ತಿದ್ದವು, ಆದರೆ ಕರೆ ಹಚ್ಚಿದರೆ ಹತ್ತುತ್ತಿರಲಿಲ್ಲ. ಟವರಿನ ಮಾತು ಊರಿಗೆ ಕೇಳುತ್ತಿತ್ತು, ಊರಿನ ಮಾತು ಟವರಿಗೆ ಕೇಳುತ್ತಿರಲಿಲ್ಲ. ಎಲ್ಲೋ ಒಂದು ಯಂತ್ರ ಟವರಿನ ಕಿವಿಯಲ್ಲಿ ಬಿಡದೆ ಕಿರುಚುತ್ತ ಕೂತಿದೆ ಎಂಬುದು ಟವರ್ ಕಂಪನಿಯ ಇಂಜಿನಿಯರ್ ಮೈತ್ರಿಗೆ ಗೊತ್ತಿತ್ತು. ಆ ಯಂತ್ರವನ್ನು ಹುಡುಕಲೆಂದೇ ಅವಳು ತನ್ನೂರು ವಾಡಿಯಿಂದ ಬೆಳಿಗ್ಗೆ ಜೀಪು ಹತ್ತಿದ್ದಳು.

ಹುಡುಕುವುದೇನು ಬಂತು, ಊರು ಆಗಲೇ ಹುಡುಕಿ ಮುಗಿಸಿತ್ತು. ರೊಟ್ಟಿ ಮಾಡಿ ಮಾರುವ ಜಾನಬಿಯ ಮಾಳಿಗೆಯ ಮೇಲೆ ಬಿದಿರಿನ ಗಳಕ್ಕೆ ಕಟ್ಟಿದ ಒಂದು ಆಂಟೆನಾ ಇತ್ತು. ಕೆಳಗೆ ಮನೆಯೊಳಗೆ ಸಿಗ್ನಲ್ ಹೆಚ್ಚಿಸುವ ಬೂಸ್ಟರ್ ಡಬ್ಬಿ. ಹೋದ ವಾರ ಕಂಪನಿಯ ಇಬ್ಬರು ಬಂದು ರಸ್ತೆಯಲ್ಲೇ ನಿಂತು ಮೀಟರು ಹಿಡಿದಿದ್ದರು. ಮೀಟರು ಆ ಕಡೆಗೇ ತೋರಿಸಿತು, ಕಣ್ಣಿಗೂ ಆಂಟೆನಾ ಬಿತ್ತು. ಫೋಟೊ ಹೊಡೆದುಕೊಂಡು ಹೋದರು. ಇನ್ನು ಉಳಿದದ್ದು ಮೈತ್ರಿಯ ವರದಿ ಮಾತ್ರ. ಅದು ಹೋದರೆ ಸರ್ಕಾರದಿಂದ ಜಾನಬಿಗೆ ನೋಟಿಸು ಬರುತ್ತದೆ, ಪೊಲೀಸ್ ಕೇಸೂ ಆಗಬಹುದು.

ಜೀಪು ಚಿತ್ತಾಪುರ ದಾಟುವಾಗ ಕಲಬುರಗಿ ಆಫೀಸಿನ ತೌಸೀಫ್ ಸರ್ ಕಳಿಸಿದ ಸಂದೇಶವನ್ನು ಅವಳು ಮತ್ತೆ ಓದಿದಳು. ಯಾವುದನ್ನೂ ಒಂದೇ ಸಲ ಓದಿ ಬಿಡುವ ಹೆಣ್ಣಲ್ಲ ಅವಳು. "ಇವತ್ತೇ ಮುಗಿಸಿ. ಆ ಹೆಂಗಸಿನ ಹೆಸರು ಹಾಕಿ. ಟವರಿನ ಜಾಗದ ಮಾಲೀಕರ ಮನೆ ಕಡೆ ಹೋಗುವ ಅಗತ್ಯವಿಲ್ಲ." ಕೊನೆಯ ಸಾಲು ಅವಳಿಗೆ ಹಲ್ಲಿನ ಸಂದಿಯಲ್ಲಿ ಸಿಕ್ಕ ನಾರಿನಂತೆ ಕಾಡುತ್ತಿತ್ತು. ಹೋಗಬೇಡಿ ಎಂದು ಯಾಕೆ ಬರೆಯಬೇಕು? ಹೋಗುತ್ತೇನೆಂದು ಯಾರು ಹೇಳಿದ್ದರು?

"ಅಕ್ಕೋರೆ, ಅದನ್ನ ಎಷ್ಟು ಸಲ ಓದಿದ್ರೂ ಅದರಾಗ ಪಗಾರ ಹೆಚ್ಚಾಗಂಗಿಲ್ಲ" ಎಂದ ಜೀಪು ಓಡಿಸುತ್ತಿದ್ದ ಅಬ್ರಾರ. ನಲವತ್ತು ದಾಟಿದವನು, ಟವರು ಹತ್ತಿ ಇಳಿದು ಮೊಣಕಾಲು ಸವೆದ ಮೇಲೆ ಸ್ಟೇರಿಂಗ್ ಹಿಡಿದವನು.

"ಹೆಚ್ಚಾಗೋದು ಬ್ಯಾಡ ಅಣ್ಣ, ಇದ್ದದ್ದು ಉಳದ್ರ ಸಾಕು."

ಅವಳ ಕೆಲಸ ಗುತ್ತಿಗೆಯದು. ಯಾವತ್ತು ಬೇಡವೆಂದರೂ ಬೇಡ.

ಜಾನಬಿಯ ಮನೆ ಆ ಕಡೆಯ ಹಳೆಯ ಮನೆಗಳಂತೆಯೇ ಇತ್ತು. ಕಲ್ಲಿನ ಗೋಡೆ, ಮೇಲೆ ದಪ್ಪ ಶಹಾಬಾದಿ ಕಲ್ಲಿನ ಹಾಸು, ಅದರ ಮೇಲೆ ಮಣ್ಣು, ನಡುವೆ ಒಂದು ಬೆಳಕಿಂಡಿ. ಬಿಸಿಲೇ ಒಳಗೆ ಬರದ ಮನೆಗೆ ಸಿಗ್ನಲ್ ಎಲ್ಲಿಂದ ಬರಬೇಕು? ಬಾಗಿಲಲ್ಲಿ ಮೂರು ಒಲೆ ಹೊಗೆಯಾಡುತ್ತಿದ್ದವು. ಜಾನಬಿ ಕೊಣಮಿಗೆಯೆಂಬ ಮರದ ಪರಾತದಲ್ಲಿ ಜೋಳದ ಹಿಟ್ಟು ನಾದುತ್ತಿದ್ದಳು. ಬಂದವರನ್ನು ಕಂಡು ಕೈ ನಿಲ್ಲಿಸಲಿಲ್ಲ.

"ಬರ್ರಿ. ಹಿಡಕೊಂಡು ಹೋಗ್ಲಾಕ ಬಂದೀರೇನು? ಬೇಡಿ ತಂದೀರಿ, ಇಲ್ಲಾ ಅದನ್ನೂ ನಾನೇ ಕೊಡಬೇಕಾ?"

"ಖಾಲಾ, ನಾವು ಪೊಲೀಸರಲ್ಲ" ಎಂದ ಅಬ್ರಾರ.

"ಮತ್ತ ಜೀಪು ಯಾಕ? ನಡಕೋತ ಬಂದಿದ್ರ ಅತಿಥಿ ಅಂತಿದ್ದೆ."

ಮೈತ್ರಿ ಚಪ್ಪಲಿ ಬಿಟ್ಟು ಒಳಗೆ ಬಂದು ನೆಲದ ಮೇಲೆ ಕೂತಳು. ಜಾನಬಿ ಅವಳನ್ನು ಒಮ್ಮೆ ನೋಡಿದಳು. ಆಮೇಲೆ ದನಿ ತುಸು ಇಳಿಯಿತು.

"ನೋಡು ಬೇಟಿ. ವಾಡಿ ಜಂಕ್ಷನ್ ಮುಂದಿನ ಖಾನಾವಳಿಗಳು, ಶಹಾಬಾದಿನವು, ಎಲ್ಲಾ ಫೋನಿನ ಮ್ಯಾಲೇ ರೊಟ್ಟಿ ಹೇಳತಾವ. ಬೆಳಿಗ್ಗೆ ಅವರು ಹೇಳಿದ ಹೊತ್ತಿಗೆ ನಾ ಎತ್ತಲಿಲ್ಲಂದ್ರ ಬ್ಯಾರೆಯವರಿಗೆ ಹೇಳತಾರ. ಒಲಿ ಮುಂದ ಕುಂತಾಕಿ ನಾನು ಎಷ್ಟು ಸಲ ಮಾಳಿಗಿ ಹತ್ತಲಿ? ಅದಕ್ಕ ಹಾಕಿಸಿದೆ. ಎರಡು ವರ್ಷ ಆತು. ಎರಡು ವರ್ಷ ಟವರಿಗೆ ಕಿವಿ ಇತ್ತು. ಈಗ ಒಮ್ಮೆಲೇ ನನ್ನಿಂದ ಹೋತಂತ!"

"ಅದು ಹಾಕೋದು ಕಾನೂನಿಗೆ ತಪ್ಪು ಅಂತ ಗೊತ್ತಿತ್ತಾ ನಿಮಗ?"

"ಅಂಗಡ್ಯಾಗ ಹಾರ ಹಾಕಿ ಇಟ್ಟು ಮಾರ್ಲಿಕತ್ತಿದ್ರು. ತಪ್ಪು ಮಾಲು ಹಂಗ ಮಾರತಾರಂತ ನನಗ ಹ್ಯಾಂಗ ಗೊತ್ತಾಗಬೇಕು?" ಜಾನಬಿ ಹಿಟ್ಟಿನ ಕೈಯನ್ನು ಸೆರಗಿಗೆ ಒರೆಸಿಕೊಂಡಳು. "ಕಾನೂನು ನಾ ಕಾಣೆ. ಆದ್ರ ದಾನಮ್ಮ ನನ್ನ ಜೋಡಿ ಮಾತು ಬಿಟ್ಟಾಳ. ಅದು ನನಗ ಗೊತ್ತದ."

ದಾನಮ್ಮ ಎದುರು ಮನೆಯವಳು. ಇಬ್ಬರೂ ಇಪ್ಪತ್ತು ವರ್ಷ ಒಂದೇ ಒಲೆಯ ಕೆಂಡ ಹಂಚಿಕೊಂಡವರು. ಹದಿನೈದು ದಿನದ ಹಿಂದೆ ದಾನಮ್ಮನ ಸೊಸೆ ಸುಶೀಲಾಳಿಗೆ ಹೆರಿಗೆ ನೋವು ಬಂದಾಗ ಆಂಬುಲೆನ್ಸಿಗೆ ಫೋನು ಹತ್ತಲೇ ಇಲ್ಲ. ಟಂಟಂ ಆಟೋದಲ್ಲಿ ಹಾಕಿಕೊಂಡು ಹೊರಟರು. ಖಣಿಯ ಲಾರಿಗಳು ಕೆಡಿಸಿದ ರಸ್ತೆಯಲ್ಲಿ, ನಡುದಾರಿಯಲ್ಲೇ ಕೂಸು ಹುಟ್ಟಿತು. ತಾಯಿ ಕೂಸು ಬದುಕಿದರು. ಆದರೆ ದಾನಮ್ಮ ಮರಳಿ ಬಂದವಳೇ ಬೀದಿಯಲ್ಲಿ ನಿಂತು, ನಿನ್ನ ರೊಟ್ಟಿ ವ್ಯಾಪಾರಕ್ಕ ನನ್ನ ಸೊಸಿ ಸಾಯಬೇಕಿತ್ತೇನು ಎಂದು ಕೇಳಿದ್ದಳು. ಆ ದಿನದಿಂದ ಓಣಿಯಲ್ಲಿ ಯಾರೂ ಜಾನಬಿಗೆ ಬೆಂಕಿ ಕೊಟ್ಟಿಲ್ಲ, ಅವಳಿಂದ ಬೆಂಕಿ ತೆಗೆದುಕೊಂಡಿಲ್ಲ.

ಮೈತ್ರಿ ಮೀಟರು ಹೊರತೆಗೆದಳು. ಅದಕ್ಕೆ ಮೀನಿನ ಮುಳ್ಳಿನಂಥ ಒಂದು ಕೈಯಾಂಟೆನಾ ಸಿಕ್ಕಿಸಬೇಕು. ಅದು ಯಾವ ಕಡೆ ತಿರುಗಿದಾಗ ಪರದೆಯ ಮೇಲೆ ಗದ್ದಲ ಎತ್ತರಕ್ಕೆ ಏಳುತ್ತದೋ ಆ ಕಡೆಯಲ್ಲಿ ಕಿರುಚುವವನಿದ್ದಾನೆ. ಮಾಳಿಗೆಗೆ ಹೋಗಿ ಹಿಡಿದಳು. ಗದ್ದಲ ಗುಡ್ಡದಂತೆ ಎದ್ದು ನಿಂತಿತ್ತು.

"ಅಮ್ಮಾ, ನಿಮ್ಮ ಡಬ್ಬಿಯ ಪ್ಲಗ್ ಕೀಳ್ರಿ" ಎಂದು ಬೆಳಕಿಂಡಿಯೊಳಗೆ ಕೂಗಿದಳು.

"ಕಿತ್ತೆ!"

ಗುಡ್ಡ ಹಾಗೇ ಇತ್ತು. ಕೂದಲಿನಷ್ಟೂ ಇಳಿಯಲಿಲ್ಲ.

ಮೈತ್ರಿಯ ಬೆರಳು ತಣ್ಣಗಾದವು. ಹೆದರಿಕೆಯಾದಾಗ ಅವಳಿಗೆ ಹಾಗೆಯೇ. ಒಂದು ಸುಳ್ಳಿನ ಮೇಲೆ ಹೆಸರು ಹಾಕುವುದು ಇಷ್ಟು ಸುಲಭವಾಗಿತ್ತಲ್ಲ, ಮೇಲೆ ಹತ್ತದೇ ಇದ್ದಿದ್ದರೆ ಸಾಕಿತ್ತು ಎಂದು ಹೊಳೆಯಿತು. ಮಾಳಿಗೆಯ ಮೇಲೆ ನಿಧಾನವಾಗಿ ಸುತ್ತು ತಿರುಗಿದಳು. ಗದ್ದಲ ಬರುತ್ತಿದ್ದದ್ದು ರಸ್ತೆಗೆ ವಿರುದ್ಧ ದಿಕ್ಕಿನಿಂದ, ಈ ಮನೆಯ ಬೆನ್ನಿನ ಕಡೆಯಿಂದ. ಅಲ್ಲಿ ಖಣಿಯ ಒಡಕು ಕಲ್ಲಿನ ದಿಬ್ಬ. ದಿಬ್ಬದ ಆಚೆ ಏನಿದೆಯೋ ಇಲ್ಲಿಗೆ ಕಾಣುತ್ತಿರಲಿಲ್ಲ.

ಕೆಳಗಿಳಿದು ಹೇಳಿದಳು. "ಗದ್ದಲ ಮಾಡ್ಲಿಕತ್ತಿದ್ದು ನಿಮ್ಮದಲ್ಲ."

ಜಾನಬಿ ಕುಣಿಯಲಿಲ್ಲ, ಅಳಲೂ ಇಲ್ಲ. ಕೈಯಲ್ಲಿದ್ದ ಪ್ಲಗ್ಗನ್ನೇ ನೋಡಿದಳು. "ಇದನ್ನ ನೀನು ನನಗ ಹೇಳಿದ್ರ ಏನಾತು? ನನಗ ಮೊದಲೇ ಗೊತ್ತಿತ್ತು. ಹೊರಗ ಬಂದು ಹೇಳು."

"ಮೊದಲು ಖರೇ ಯಾರದಂತ ಹುಡುಕತೀನಿ. ಬರೇ ನಿಮ್ಮದಲ್ಲ ಅಂದ್ರ ಯಾರೂ ನಂಬಂಗಿಲ್ಲ."

"ಹುಡುಕು. ನಾನೂ ಬರ್ತೀನಿ. ನನ್ನ ಕಳ್ಳಿ ಅಂದಾರ, ಕಳ್ಳ ಯಾವನು ಅಂತ ನಾನೂ ನೋಡಬೇಕಲ್ಲ."

ಮೂರು ಒಲೆಗೂ ನೀರು ಸುರಿದು ಅವಳು ಹೊರಟೇಬಿಟ್ಟಳು. ಎದುರು ಮನೆಯ ಬಾಗಿಲಲ್ಲಿ ನಿಂತು, ಒಳಗೆ ಯಾರಿದ್ದಾರೆಂದೂ ನೋಡದೆ ಕೂಗಿದಳು. "ಏ ದಾನವ್ವಾ! ಮಾತಾಡಬ್ಯಾಡ ನನ್ನ ಜೋಡಿ. ಮಾತಾಡು ಅಂತ ನಾನೂ ಅನ್ನಂಗಿಲ್ಲ. ಆದ್ರ ಕಣ್ಣು ಇದ್ರ ಬಂದು ನೋಡು!"

ದಾನಮ್ಮ ಬರಲಿಲ್ಲ. ಅಥವಾ ಬಂದದ್ದು ಯಾರಿಗೂ ಗೊತ್ತಾಗಲಿಲ್ಲ.

ಒಂದೇ ಜಾಗದಿಂದ ನೋಡಿದರೆ ಗೊತ್ತಾಗುವುದು ದಿಕ್ಕು ಮಾತ್ರ, ಮನೆ ಅಲ್ಲ. ಆ ಒಂದೇ ಗೆರೆಯ ಮೇಲೆ ಹತ್ತು ಮನೆ ಇರಬಹುದು. ಬೇರೆ ಬೇರೆ ಕಡೆ ನಿಂತು ಗೆರೆ ಎಳೆದರೆ ಅವು ಕೂಡುವಲ್ಲಿ ಕಳ್ಳನಿರುತ್ತಾನೆ. ಹೋದ ವಾರ ಬಂದವರು ಇಷ್ಟನ್ನೂ ಮಾಡಿರಲಿಲ್ಲ. ಮೈತ್ರಿ ಕೆರೆಯ ಏರಿಯ ಮೇಲೆ ನಿಂತಳು, ಶಾಲೆಯ ಹಿಂದೆ ನಿಂತಳು, ತೊಗರಿ ಹೊಲದ ಬದುವಿನ ಮೇಲೆ ನಿಂತಳು. ಫೋನಿನ ನಕ್ಷೆಯ ಮೇಲೆ ಗೆರೆ ಎಳೆದಳು. ಎಲ್ಲವೂ ಸೇರಿದ ಜಾಗವನ್ನು ನೋಡಿ ಅಬ್ರಾರ ಸಣ್ಣಗೆ ಸೀಟಿ ಹೊಡೆದ.

"ಚಂದ್ರಾಮ ಸಾವಕಾರರ ಮನಿ. ಅಕ್ಕೋರೆ, ಜೀಪಿನ ಟಯರ್ ಪಂಕ್ಚರ್ ಆಗ್ಯದ ಅಂತ ಹೇಳಿ ಮನಿಗಿ ಹೋಗೋಣೇನು?"

"ಆಗ್ಯದಾ?"

"ನೀವು ಹ್ಞೂಂ ಅಂದ್ರ ಈಗ ಮಾಡತೀನಿ."

ಚಂದ್ರಾಮ ಸಾವಕಾರನದು ಕಲ್ಲಿನ ಖಣಿ. ಟವರು ನಿಂತದ್ದೂ ಅವನ ಹೊಲದಲ್ಲೇ. ಟವರಿನ ಗೇಟಿನ ಎರಡನೆಯ ಕೀಲಿ ಅವನ ಸೊಂಟದಲ್ಲಿರುತ್ತಿತ್ತು. ಸಿಟ್ಟು ಬಂದಾಗ ಆ ಗೇಟಿಗೆ ತನ್ನದೊಂದು ಬೀಗ ಹಾಕಿ ಡೀಸೆಲ್ ಗಾಡಿಯನ್ನು ಹೊರಗೇ ನಿಲ್ಲಿಸಿದವನು. ಸಂದೇಶದ ಕೊನೆಯ ಸಾಲಿನ ಅರ್ಥ ಮೈತ್ರಿಗೆ ಈಗ ತಿಳಿಯಿತು. ಅವನನ್ನು ಕೆಣಕುವುದು ಆಫೀಸಿಗೆ ಬೇಡವಾಗಿತ್ತು.

ಅವಳಿಗೆ ಹೆದರಿಕೆಯಾಯಿತು. ಆಗಲಿಲ್ಲವೆಂದರೆ ಸುಳ್ಳು. ಮೀಟರಿನ ಪಟ್ಟಿಯನ್ನು ಬೆರಳಿಗೆ ಬಿಗಿಯಾಗಿ ಸುತ್ತಿಕೊಂಡಳು. ಹಿಂದೆ ಜಾನಬಿ ಬರುತ್ತಿದ್ದಳು, ತೋಳಿನವರೆಗೆ ಹಿಟ್ಟು ಮೆತ್ತಿಕೊಂಡು. ಮೈತ್ರಿ ದಿಬ್ಬವನ್ನು ಬಳಸಿ ನಡೆದಳು.

ಸಾವಕಾರನ ಮನೆ ಹೊಸದು, ಎರಡು ಅಂತಸ್ತು, ಮುಂದೆ ಫರಸಿ ಕಲ್ಲು ಹಾಸಿದ ದೊಡ್ಡ ಅಂಗಳ. ಕಂಬದ ಬುಡದ ಕಟ್ಟೆಯ ಮೇಲೆ ಅವನು ಕೂತಿದ್ದ. ಖಣಿಯ ಒಂದಿಷ್ಟು ಆಳುಗಳು ನೆಲದ ಮೇಲೆ ಕೂತಿದ್ದರು.

"ಬರ್ರಿ ಬರ್ರಿ ಇಂಜಿನಿಯರಮ್ಮ! ಟವರ್ ಕಂಪನಿಯವರಾ? ಒಳಗ ಬರ್ರಿ, ಎಸಿ ಅದ" ಎಂದು ಎದ್ದ. ಎದ್ದವನು ಕೇಳಿದ, "ಯಾವ ಊರು?"

"ವಾಡಿರಿ."

"ವಾಡಿದಾಗ ಯಾರ ಪೈಕಿ?"

"ರೈಲ್ವೆದಾಗ ಗ್ಯಾಂಗ್‌ಮನ್ ಇದ್ದರಲ್ಲರಿ, ಕಪಿಲ ಅಂತ. ಅವರ ಮಗಳು."

"ಅವರ ಮನಿ... ಬುದ್ಧವಿಹಾರದ ಮಗ್ಗಲಾ?"

"ಹೌದ್ರಿ. ಮಗ್ಗಲ."

ಒಳಗೆ ಕರೆದ ಕೈ ಹಾಗೇ ಕೆಳಗಿಳಿಯಿತು. "ಇಲ್ಲೇ ಗಾಳಿ ಚಲೋ ಅದ" ಎಂದ ಸಾವಕಾರ. ಆಳಿನ ಕಡೆ ತಿರುಗಿದ. "ಒಂದು ಕುರ್ಚಿ ಇಲ್ಲೇ ತಾರೋ."

ಇಂಥದ್ದು ಅವಳಿಗೆ ಹೊಸದಲ್ಲ. ಡಿಗ್ರಿ ಬಂದ ಮೇಲೆ ಮಾತು ನಯವಾಗಿದೆ, ಕುರ್ಚಿ ಮಾತ್ರ ಹೊಸ್ತಿಲ ಈಚೆಗೇ ಉಳಿದಿದೆ. ಅವಳು ಅಂಗಳದಲ್ಲಿ ಕೂತಳು, ಮೀಟರನ್ನು ತೊಡೆಯ ಮೇಲಿಟ್ಟುಕೊಂಡಳು. ಕಣ್ಣು ಪರದೆಗೆ ಹೋದದ್ದೇ ತಡ ಉಳಿದದ್ದೆಲ್ಲ ಮರೆತುಹೋಯಿತು. ಗದ್ದಲದ ಗುಡ್ಡ ಪರದೆಯ ನೆತ್ತಿ ಒಡೆದುಕೊಂಡು ಹೋಗಿತ್ತು. ಅವಳು ಮೆಲ್ಲನೆ ತಲೆ ಎತ್ತಿದಳು. ತಲೆಯ ಮೇಲೆಯೇ, ಕಂಬಕ್ಕೆ ಬಡಿದ ಒಂದು ಬಿಳಿ ಡಬ್ಬಿ. ಅದರಿಂದ ಹೊರಟ ಕರಿ ವೈರು ಗೋಡೆಗುಂಟ ನೇರವಾಗಿ ಮೇಲೇರಿತ್ತು. ಮಾಳಿಗೆಯ ಅಂಚಿನಲ್ಲಿ, ನೀರಿನ ಟಾಕಿಯ ಮರೆಯಲ್ಲಿ, ಇನ್ನೊಂದು ಆಂಟೆನಾ. ಎರಡರ ನಡುವೆ ಬಯಲು ಬಿಟ್ಟರೆ ಏನೂ ಇರಲಿಲ್ಲ.

"ಸಾವಕಾರ್ರೆ, ಈ ಡಬ್ಬಿ ಯಾವಾಗ ಹಾಕಿಸಿದ್ರಿ?"

"ಅದಾ? ಹೋದ ತಿಂಗಳು. ಮಗಳ ನಿಶ್ಚಯಕ್ಕ ಮಂದಿ ಬರೋರಿದ್ರಲ್ಲ. ಖಾಸ್ ದಿಲ್ಲಿ ಮಾಲು."

"ಒಳಗ ಇಡೋ ಡಬ್ಬಿ ಅಲ್ಲೇನ್ರಿ ಅದು?"

"ಹಾಕೋನೂ ಹಂಗೇ ಅಂದ. ನಾ ಅಂದೆ, ಒಳಗ ಯಾಕ? ನಾ ಕೂಡೋದು ಇಲ್ಲಿ. ಬಂದ ಮಂದಿ ಕೂಡೋದು ಇಲ್ಲಿ. ಎಲ್ಲಾರನ್ನೂ ಒಳಗ ಕರಕೊಳ್ಳೋ ರೂಢಿ ನಮ್ಮಲ್ಲಿಲ್ಲ." ಅವನು ನಕ್ಕ. "ಆದ್ರ ಆ ಮುದುಕಿ ದೆಸಿಂದ ನನ್ನ ಫೋನೂ ಹತ್ತಂಗಿಲ್ಲ. ಶಹಾಬಾದಿಗೆ ಹೋಗಿ ಮಾತಾಡಬೇಕು. ಅದಕ್ಕ ಅಂತೀನಿ, ಆಕಿದು ಕಿತ್ತು ಒಗೀರಿ."

"ಮುದುಕಿ ಇಲ್ಲೇ ಅದಾಳ" ಎಂದಳು ಜಾನಬಿ ಗೇಟಿನಿಂದ.

ಮೈತ್ರಿ ಎದ್ದು ನಿಂತಳು. ಮಾತು ನಡುಗಬಾರದೆಂದು ಒಂದೊಂದನ್ನೇ ಆರಿಸಿ ಆಡಿದಳು.

"ಸಾವಕಾರ್ರೆ, ಊರ ಗದ್ದಲ ನಿಮ್ಮ ಈ ಡಬ್ಬಿದು. ಆಕಿದಲ್ಲ."

ಆಳುಗಳು ತಲೆ ಎತ್ತಿ ಡಬ್ಬಿಯನ್ನು ನೋಡಿದರು.

"ಮದುವ್ಯಾಗ ಮೈಕ್ ಹಿಡದಾಂವ ಭೋಂಗಾ ಸ್ಪೀಕರ್ ಮುಂದ ಬಂದು ನಿಂತ್ರ ಏನಾಗತದ?" ಅವಳು ಆಳುಗಳನ್ನು ಕೇಳಿದಳು.

"ಕುಂಯ್ ಅಂತದರಿ" ಎಂದ ಒಬ್ಬ.

"ಹ್ಞಾಂ. ಮಾಳಿಗಿ ಮ್ಯಾಲಿನದು ಮೈಕ್, ಈ ಡಬ್ಬಿ ಭೋಂಗಾ. ಇದು ಆಡಿದ್ದನ್ನ ಅದು ಕೇಳತದ, ಕೇಳಿದ್ದನ್ನ ಮತ್ತ ಇದು ಆಡತದ. ನಮಗ ಕೇಳಂಗಿಲ್ಲ, ಟವರಿಗೆ ಮಾತ್ರ ಹಗಲೆಲ್ಲಾ ಕುಂಯ್. ಈ ಅಮ್ಮನ ಮನ್ಯಾಗ ಎರಡರ ನಡುವ ಗೇಣುದ್ದದ ಹಾಸುಗಲ್ಲು, ಮಣ್ಣು ಅದ. ಒಳಗಿಂದು ಹೊರಗ ಹೋಗಂಗಿಲ್ಲ. ಇಲ್ಲಿ ಎರಡೂ ಬಯಲಾಗ ಅವ."

"ಸಾಕು ಮಾಡವ್ವಾ ಪಾಠ" ಎಂದ ಸಾವಕಾರ. ದನಿ ಮೆತ್ತಗೇ ಇತ್ತು. "ನಿಮ್ಮ ಸಾಹೇಬರ ಜೋಡಿ ನಾ ಮಾತಾಡೀನಿ. ಆಕಿ ಹೆಸರು ಬರಿ, ಚಹಾ ಕುಡಿ, ಹೋಗು. ನಿನ್ನದು ಗುತ್ತಿಗಿ ನೌಕರಿ ಅಲ್ಲ?"

"ಹೌದ್ರಿ."

"ಹಂಗಾದ್ರ ಬರಿ."

"ಬರಿಯಂಗಿಲ್ಲರಿ."

ಆ ಮಾತು ತನ್ನದೇ ಎಂದು ಅವಳಿಗೆ ನಂಬಿಕೆಯಾಗಲು ತುಸು ಹೊತ್ತು ಹಿಡಿಯಿತು. ಆಮೇಲೆ ಇನ್ನೊಮ್ಮೆ ಹೇಳಿದಳು, ಈ ಸಲ ಕೇಳಿಸುವಂತೆ. "ಸುಳ್ಳು ನಾ ಬರಿಯಂಗಿಲ್ಲ. ನನ್ನ ಮಾತು ನಂಬಬ್ಯಾಡ್ರಿ. ಈ ಡಬ್ಬಿ ಬಂದ್ ಮಾಡ್ರಿ, ಫೋನ್ ಹಚ್ರಿ. ಹತ್ತಲಿಲ್ಲಂದ್ರ ನನ್ನ ಹೆಸರೇ ಬರಕೋರಿ."

"ಯಾರೂ ಮುಟ್ಟಬ್ಯಾಡ್ರಿ ಅದನ್ನ!"

ಆಳುಗಳು ಕದಲಲಿಲ್ಲ. ಅಷ್ಟರಲ್ಲಿ ಗೇಟಿನ ಬಳಿ ಜಾನಬಿಯ ಬೆನ್ನ ಹಿಂದಿನಿಂದ ಒಬ್ಬಳು ಮುಂದೆ ಬಂದಳು. ಎತ್ತರದ ಒಣ ಮೈಯ ಹೆಂಗಸು, ಸೆರಗು ಸೊಂಟಕ್ಕೆ ಬಿಗಿದಿದ್ದಳು. ದಾನಮ್ಮ. ಅಷ್ಟು ಹೊತ್ತೂ ಅವಳು ಹಿಂದೆ ಬರುತ್ತಲೇ ಇದ್ದಳು, ಮಾತಿಲ್ಲದೆ. ಯಾರ ಮುಖವನ್ನೂ ನೋಡದೆ ಅಂಗಳ ದಾಟಿದಳು, ಕಟ್ಟೆ ಹತ್ತಿದಳು. ಆ ಕಟ್ಟೆಯನ್ನು ಅವಳ ಮನೆಯವರು ಯಾರೂ ಯಾವತ್ತೂ ಹತ್ತಿರಲಿಲ್ಲ. ಕಂಬದ ಬುಡದಲ್ಲಿದ್ದ ಪ್ಲಗ್ಗನ್ನು ಹಿಡಿದು ಎಳೆದಳು.

"ಏ, ದಾನಿ!"

"ನನ್ನ ಮೊಮ್ಮಗಳು ಟಂಟಂದಾಗ ಹುಟ್ಯಾಳ ಸಾವಕಾರ್ರೆ. ಖಣಿ ರಸ್ತಾದಾಗ. ಈಗ ನೀವು ನನಗ ಏನು ಅಂತೀರಿ ಅನ್ರಿ."

ಸಾವಕಾರ ಕಟ್ಟೆಯ ಅಂಚಿಗೆ ಕೂತುಬಿಟ್ಟ.

ಮೈತ್ರಿ ಪರದೆಯನ್ನು ಎತ್ತಿ ಹಿಡಿದಳು. ಗುಡ್ಡ ಕುಸಿದು ನೆಲವಾಗಿತ್ತು. ಆದರೆ ಅದನ್ನು ನೋಡುವ ವ್ಯವಧಾನ ಯಾರಿಗೂ ಇರಲಿಲ್ಲ. ದಾನಮ್ಮ ರವಿಕೆಯಿಂದ ಪುಟ್ಟ ಫೋನು ತೆಗೆದು, ಬೆರಳಿನಿಂದ ಒತ್ತಿ ಒತ್ತಿ ಹಚ್ಚಿದಳು, ಕಿವಿಗಿಟ್ಟುಕೊಂಡಳು. ಒಂದು ಗಳಿಗೆ ಏನೂ ಇಲ್ಲ. ಆಮೇಲೆ ಅವಳ ಮುಖ ಬದಲಾಯಿತು.

"ಹಲೋ? ಸುಶೀಲಾ? ಕೂಸು ಮಲಗ್ಯದಾ? ಏನಿಲ್ಲ, ಸುಮ್ನೆ ಹಚ್ಚಿದೆ." ಫೋನಿಟ್ಟು ಜಾನಬಿಯ ಕಡೆ ನೋಡಿದಳು. ತಪ್ಪಾಯಿತು ಎನ್ನುವ ಮಾತು ಅವಳ ಬಾಯಿಗೆ ಬರುವಂಥದ್ದಲ್ಲ. "ಒಲಿಗೆ ನೀರು ಯಾಕ ಸುರದಿ?" ಎಂದಳು. "ಈಗ ಮತ್ತ ಹೊತ್ತಿಸ್ಲಿಕ್ಕ ಎಷ್ಟು ತ್ರಾಸ!"

"ಬೆಂಕಿ ಕೊಡೋರಿದ್ರ ತ್ರಾಸ ಇಲ್ಲ" ಎಂದಳು ಜಾನಬಿ.

ಸಾವಕಾರ ಎದ್ದ. ಮುಖ ಕೆಂಪಾಗಿತ್ತು. "ನೋಡ್ರಿ. ನನ್ನ ಡಬ್ಬಿ ಕಿತ್ತೀರಿ, ಟವರ್ ನಿಂತಿದ್ದು ನನ್ನ ಹೊಲದಾಗ. ಇವತ್ತು ಗೇಟಿಗೆ ನನ್ನ ಬೀಗ ಬೀಳತದ. ಡೀಸೆಲ್ ಹ್ಯಾಂಗ ಹೋಗತದ, ಕರೆಂಟ್ ಹೋದ ಮ್ಯಾಲೆ ನಿಮ್ಮ ಫೋನ್ ಹ್ಯಾಂಗ ಹತ್ತತದ, ನೋಡತೀನಿ."

ಆ ಬೆದರಿಕೆಗೆ ಮೀಟರಿನಲ್ಲಿ ದಿಕ್ಕಿರಲಿಲ್ಲ. ಮೈತ್ರಿ ಓಣಿಗೆ ಮರಳಿ ಜೀಪಿನ ಬಾನೆಟ್ಟಿನ ಮೇಲೆ ಲ್ಯಾಪ್‌ಟಾಪ್ ಇಟ್ಟು ವರದಿ ಬರೆದಳು. ಗದ್ದಲದ ಮೂಲ ಎಲ್ಲಿ, ಯಾರ ಮನೆ, ಬಂದ್ ಮಾಡಿದಾಗ ಏನಾಯಿತು, ಎಲ್ಲ. ಪ್ರತಿ ಸಾಲನ್ನೂ ಎರಡು ಸಲ ಓದಿದಳು. ಆಮೇಲೆ ಜಾನಬಿಯನ್ನು ಕರೆದಳು.

"ಅಮ್ಮಾ, ನಿಮ್ಮದು ಗದ್ದಲ ಮಾಡಿಲ್ಲ ಅಂತ ಬರದೀನಿ. ಆದ್ರ ನಿಮ್ಮ ಮನ್ಯಾಗೂ ಡಬ್ಬಿ ಅದ ಅನ್ನೋದನ್ನ ಮುಚ್ಚಿಡ್ಲಾಕ ಬರಂಗಿಲ್ಲ. ಅವರಿಗೊಂದು ಕಾನೂನು, ನಿಮಗೊಂದು ಅಂತ ನಾಳಿಗೆ ಅವರೇ ಅಂತಾರ."

"ಮುಚ್ಚಿಡು ಅಂತ ನಿನಗ ಯಾರು ಅಂದ್ರು?" ಜಾನಬಿ ಮನೆಗೆ ಹೋಗಿ ಡಬ್ಬಿ, ವೈರು, ಆಂಟೆನಾ ಎಲ್ಲ ಸುತ್ತಿ ತಂದು ಜೀಪಿನಲ್ಲಿ ಒಗೆದಳು. "ಉಪಕಾರದ ಸಿಗ್ನಲ್ ನನಗ ಬ್ಯಾಡ. ನಾನು ಕಳ್ಳಿ ಅಲ್ಲ ಅಂತ ಬರದಿ, ಅಷ್ಟು ಸಾಕು. ಇನ್ನೊಂದು ಬರಿ. ಕಲ್ಲಿನ ಮನ್ಯಾಗ ಫೋನ್ ಹತ್ತಂಗಿಲ್ಲ, ಓಣಿ ತುಂಬ ಕಲ್ಲಿನ ಮನಿ ಅವ, ಕಂಪನಿ ಏನು ಮಾಡತದ ಅಂತ ಜಾನಬಿ ಕೇಳ್ಯಾಳ ಅಂತ ಬರಿ."

ಮೈತ್ರಿ ಅದನ್ನೂ ಬರೆದಳು, ಜಾನಬಿಯ ಹೆಸರು ಹಾಕಿ. ಕಳಿಸುವ ಗುಂಡಿ ಒತ್ತಿದಳು.

ಅಬ್ರಾರ ಜೀಪು ತಿರುಗಿಸುವಾಗ ಟವರಿನ ದಾರಿಯಲ್ಲಿ ಸಾವಕಾರನ ಆಳು ಸರಪಳಿ, ಬೀಗ ಹಿಡಿದು ಹೋಗುತ್ತಿದ್ದ. ಅವನಿಗಿಂತ ಮುಂದೆ ಇಬ್ಬರು ಹೆಂಗಸರು ಹೋಗುತ್ತಿದ್ದರು. ಒಬ್ಬಳ ತಲೆಯ ಮೇಲೆ ಕಬ್ಬಿಣದ ಒಲೆ, ಇನ್ನೊಬ್ಬಳ ಕಂಕುಳಲ್ಲಿ ಕೊಣಮಿಗೆ. ಗೇಟಿನ ಮುಂದೆ, ಸರಿಯಾಗಿ ನಡುವೆ, ಒಲೆ ಇಟ್ಟು ಕೂತರು.

"ಸರೀರಿ ಜಾನವ್ವ, ಬೀಗ ಹಾಕಬೇಕು" ಎಂದ ಆಳು.

"ಹಾಕಪ್ಪ. ನಾವೇನು ಬ್ಯಾಡ ಅಂದೀವಾ? ಒಲಿ ಆರಿದ ಮ್ಯಾಲೆ ಹಾಕು."

"ಯಾವಾಗ ಆರತದ?"

ಜಾನಬಿ ದಾನಮ್ಮನನ್ನು ನೋಡಿದಳು. ದಾನಮ್ಮ ಒಲೆಗೆ ಇನ್ನೊಂದು ತೊಗರಿ ಕಟ್ಟಿಗೆ ತುರುಕಿದಳು. "ಇಲ್ಲಿ ಸಿಗ್ನಲ್ ಭಾಳ ಚಲೋ ಅದಪ್ಪ. ನಾಳೆನೂ ಇಲ್ಲೇ ರೊಟ್ಟಿ ಬಡೀತೀವಿ. ನಾಡಿದ್ದೂ ಇಲ್ಲೇ. ಓಣಿ ಹೆಣಮಕ್ಕಳೆಲ್ಲಾ ಬರೋರಿದ್ದಾರ."

ಆಳು ಸರಪಳಿಯನ್ನು ಹೆಗಲಿಗೆ ಹಾಕಿಕೊಂಡು ಅಲ್ಲೇ ನಿಂತ. ಜಾನಬಿಯ ಫೋನು ರಿಂಗಾಯಿತು. ವಾಡಿಯ ಖಾನಾವಳಿಯವನು. ಹಿಟ್ಟಿನ ಕೈಯಲ್ಲೇ ಅದನ್ನು ಎತ್ತಿ, ಊರಿಗೆಲ್ಲ ಕೇಳುವಂತೆ ಮಾತಾಡತೊಡಗಿದಳು.

ಮೈತ್ರಿಯ ಫೋನೂ ರಿಂಗಾಗುತ್ತಿತ್ತು. ಪರದೆಯ ಮೇಲೆ ತೌಸೀಫ್ ಸರ್ ಹೆಸರು. ಅವಳ ಬೆರಳು ಇನ್ನೂ ತಣ್ಣಗೇ ಇದ್ದವು.

"ಎತ್ತಬ್ಯಾಡ್ರಿ" ಎಂದ ಅಬ್ರಾರ. "ಸಿಗ್ನಲ್ ಇರಲಿಲ್ಲ ಅಂದ್ರಾತು."

"ಇರಲಿಲ್ಲ ಅಂತ ಇನ್ನ ಹ್ಯಾಂಗ ಅನ್ನಲಿ ಅಣ್ಣ?" ಎಂದು ಮೈತ್ರಿ ಜೀಪಿನಿಂದ ಇಳಿದು, ಹೆಂಗಸರ ಪಕ್ಕದಲ್ಲಿ ನೆಲದ ಮೇಲೆ ಕೂತು, ಕರೆ ಎತ್ತಿದಳು. "ಹೇಳ್ರಿ ಸರ್. ಹೌದ್ರಿ, ನಾನೇ ಬರದೀನಿ."